ನಾನು ತಿನ್ನದ ಅಡಿಕೆ

ಹೋದ ವರ್ಷ ದೀಪಾವಳಿ ಮುಗಿದ ಮರುವಾರ. ಬೇಡಗದ ನಮ್ಮ ಮನೆಯಲ್ಲಿ ಶಿರಾ ತಿನ್ನುತ್ತಿದ್ದೆ. ಮೇಲಿನ ಮುಂದಿನ ಹಲ್ಲಿನ ಕ್ಯಾಪ್ ಕಳಚಿ ತುತ್ತಿನಲ್ಲಿ ಬಂತು. ಬೇರಿನೊಳಗೆ ಕೂರಿಸಿದ್ದ ಸಣ್ಣ ಕಡ್ಡಿಯೂ ಅದರ ಜೊತೆಗೇ ಬಂತು. ರೂಟ್ ಕೆನಾಲ್ ಮಾಡಿಸಿ, ಆ ಕಡ್ಡಿ ಅಂಟಿಸಿ, ಮೇಲೆ ಕ್ಯಾಪ್ ಹಾಕಿಸಿ ಒಂದು ತಿಂಗಳೂ ಆಗಿರಲಿಲ್ಲ.

ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಸಾಂಗ್ಲಿಯ ಅದೇ ಡಾಕ್ಟರ ಬಳಿ ಹೋದೆ. ಅವರು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಲೂ ಇಲ್ಲ.

"ಸುಪಾರಿ ಕಡದಿರಬೇಕು. ಖರೆ ಹೇಳು."

"ಇಲ್ರೀ ಸಾಹೇಬ್ರ, ಬಿಟ್ಟು ಎರಡ ವರ್ಷ ಆತು."

"ಎಲ್ಲಾರೂ ಹಂಗ ಅಂತಾರ." ಮಹಾದೇವಿಯ ಕಡೆ ತಿರುಗಿ, "ಮನ್ಯಾಗ ಸ್ವಲ್ಪ ಲಕ್ಷ್ಯ ಇಡ್ರಿ ಅಕ್ಕಾರ," ಅಂದರು.

ಅವಳ ಅಣ್ಣ ಬಾಯಿ ಕ್ಯಾನ್ಸರಿನಿಂದ ಹೋದ ದಿನ ಅವಳ ತಲೆ ಮುಟ್ಟಿ ಅಡಿಕೆ ಬಿಟ್ಟವನು ನಾನು. ಮನೆಗೆ ಬಂದವಳೇ ನನ್ನ ಅಂಗಿಯ ಕಿಸೆಗಳನ್ನೆಲ್ಲ ಜಾಡಿಸಿದಳು.

"ನನ್ನ ತಲಿ ಮ್ಯಾಲ ಕೈ ಇಟ್ಟಿದ್ರಿ," ಅಂದಳು. ಎಂಟು ದಿನ ಅಷ್ಟೇ ಮಾತು.

ಕೊನೆಗೆ ಅವಳನ್ನೂ ಎಬ್ಬಿಸಿಕೊಂಡು ಮಿರಜಿನ ಬೇರೆ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಾಂಗ್ಲಿ ಡಾಕ್ಟರ ಸುಪಾರಿ ಮಾತನ್ನು ನನ್ನಿಂದ ಕೇಳಿ, ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಕಾಕಾ, ಅಂಟೆಲ್ಲಾ ಕಡ್ಡಿಗೇ ಐತಿ. ಹಲ್ಲಿಗೆ ಹಿಡದೇ ಇಲ್ಲ. ಕಡ್ಡಿ ಕೂರಸೂ ಮೊದಲ ಏನರೆ ವಾಸನಿ ಬಂದಿತ್ತೇನ್ರಿ?"

"ಬಂದಿತ್ರಿ. ಬಾವಿಗೆ ಹಾಕ್ತಾರಲ್ಲ, ಆ ಬ್ಲೀಚಿಂಗ್ ಪಾವಡರಿಂದು."

"ಒಳಗಿನ ಹೊಲಸು ಹೋಗಾಕ ಆ ಬ್ಲೀಚಿಂಗ್ ನೀರು ಬೇಕ ಬೇಕು. ಆದ್ರ ಅದು ಅಲ್ಲೇ ಉಳದ್ರ ಅಂಟು ಗಟ್ಟಿ ಆಗೂದಿಲ್ಲ. ಮತ್ತೊಮ್ಮೆ ತೊಳದು, ಕಾಗದದ ಕಡ್ಡಿಲೆ ಒಣಗಸಬೇಕು. ಮಾಡಿದ್ರೇನು?"

ಎಲ್ಲಿ ಮಾಡಿದರು! ಆ ನೀರು ಹಾಕಿದೊಡನೆ ಸಾಂಗ್ಲಿಯ ಡಾಕ್ಟರಿಗೆ ಫೋನ್ ಬಂದಿತ್ತು. ಕಿವಿಗೂ ಹೆಗಲಿಗೂ ಫೋನ್ ಒತ್ತಿಕೊಂಡೇ ಅಂಟು ತುಂಬಿ ಕಡ್ಡಿ ಕೂರಿಸಿದ್ದರು.

"ನಂದು ಪಂಕ್ಚರ್ ಅಂಗಡಿ ರೀ," ಅಂದೆ. "ಹಸಿ ಟ್ಯೂಬಿಗೆ ಪ್ಯಾಚ್ ಹಚ್ಚಿದಂಗ ಆತಲ್ರಿ ಇದು!"

ಅವರು ನಕ್ಕು ಮಹಾದೇವಿಯ ಕಡೆ ತಿರುಗಿದರು. "ನಾ ಅಲ್ಲಿ ಇರಲಿಲ್ಲ, ಆಣಿ ಮಾಡೂದಿಲ್ಲ. ಆದ್ರ ಹಲ್ಲು ಬಿರದಿಲ್ಲ, ಕಡ್ಡಿ ಮುರದಿಲ್ಲ. ಸುಪಾರಿ ತಿಂದ ಗುರುತ ಬಾಯಾಗ ಎಲ್ಲೂ ಇಲ್ರಿ ಮಾವಶಿ."

ಮಹಾದೇವಿಯೇ ಮೊದಲು ಎದ್ದು, "ಏಳ್ರಿ, ಸಾಂಗ್ಲಿಗೆ ಹೋಗೂಣು," ಅಂದಳು.

ಅಲ್ಲಿ ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ, "ಆತು, ಫುಕಟ ಕೂರಿಸಿ ಕೊಡ್ತೇನಿ, ಹೊರಗ ಕುಂದ್ರು," ಅಂದರು.

"ಫುಕಟ ಬ್ಯಾಡ್ರಿ. ಇಂವಾ ಸುಪಾರಿ ತಿಂದಿಲ್ಲ ಅಂತ ಒಂದ ಮಾತ ಇಕಿ ಮುಂದ ಹೇಳ್ರಿ," ಅಂದೆ.

ಅವರು ಬಾಗಿಲ ಕಡೆ ನೋಡಿ "ನೆಕ್ಸ್ಟ್" ಅಂದರು.

ಮಹಾದೇವಿ ಬಾಗಿಲಿಗೇ ಅಡ್ಡ ನಿಂತಳು. "ನಿಮ್ಮ ಮಾತ ನಂಬಿ ಎಂಟ ದಿನ ನನ್ನ ಗಂಡನ ಕೂಡ ಮಾತ ಬಿಟ್ಟಿದ್ದೆ ಸಾಹೇಬ್ರ. ಆ ಎಂಟ ದಿನ ಹೊಳ್ಳಿ ಕೊಡ್ರಿ!"

ಹೊರಗೆ ಕೂತ ಪೇಶಂಟುಗಳೆಲ್ಲ ಎದ್ದು ನೋಡಿದರು. ಡಾಕ್ಟರು ಮಾತ್ರ ಮತ್ತೆ "ನೆಕ್ಸ್ಟ್" ಅಂದರು.

ಹಲ್ಲನ್ನು ಮಿರಜಿನವರೇ ಮತ್ತೆ ಕೂರಿಸಿಕೊಟ್ಟರು. ಕೆಲಸದಲ್ಲಿ ತಪ್ಪು ಯಾರಿಂದಲಾದರೂ ಆಗುತ್ತದೆ, ನನ್ನಿಂದಲೂ ಆಗಿದೆ. ಆದರೆ ತಮ್ಮ ತಪ್ಪು ಮುಚ್ಚಿಕೊಳ್ಳಲು, ನಾನು ತಿನ್ನದ ಅಡಿಕೆಯನ್ನು ನನ್ನ ಹೆಂಡತಿಯ ಎದುರು ನನ್ನ ಬಾಯಿಗೆ ತುರುಕಿದರಲ್ಲ, ಅದಕ್ಕೇ ಇದನ್ನು ಟೈಪ್ ಮಾಡುತ್ತಿದ್ದೇನೆ.