ಬಸ್ಯಾನ ಮನೆಯ ಚರಿಗೆ

ಆಗ ನನಗೆ ಹತ್ತು ವರ್ಷ. ಅದಾಗಿ ಅರವತ್ತು ವರ್ಷ ಕಳೆದವು. ಚಿಗಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಆ ಕಾಲಕ್ಕೆ ಹುಡುಗಿಯರು ಹನ್ನೊಂದು ಜನ, ಹುಡುಗರು ಹತ್ತು. ಕಸ ಹೊಡೆಯುವುದು, ಸೆಗಣಿ ಸಾರಿಸುವುದು ಎಲ್ಲ ನಮ್ಮದೇ. ಹುಡುಗರು ಹೊರಗೆ ಗೋಲಿ ಆಡುತ್ತಿದ್ದರು. ಪಾಠ ಶುರುವಾದಾಗ ನಮ್ಮ ಕೈ ಇನ್ನೂ ಸೆಗಣಿ ನಾರುತ್ತಿತ್ತು.

ಒಂದು ದಿನ ಮಾಸ್ತರು, "ನಾಗರಿಕರಾಗೂದು ಪುಸ್ತಕಾ ಓದಿ ಬರೂದಲ್ಲ. ನಾಳೆ ಓಟು ಹಾಕ್ರಿ. ಗೆದ್ದವರು ಶಾಲಿ ಮುಖಂಡರು. ಯಾರು ಯಾವ ಕೆಲಸಾ ಮಾಡಬೇಕಂತ ಅವರು ಹೇಳಿದಂಗ" ಎಂದರು.

ಹುಡುಗರ ಕಡೆಯಿಂದ ಬಸ್ಯಾ ಓಟಿಗೆ ನಿಂತ. ನಾನೂ ನಿಂತೆ.

"ನೀ ಗೆದ್ದು ಏನ್ ಮಾಡ್ತೀಬೇ?" ಎಂದ ಬಸ್ಯಾ.

"ನಿನ್ನ ಕೈಯಾಗ ಕಸಬರಗಿ ಕೊಡ್ತೇನಿ."

"ಗಂಡಸೂರು ಕಸಬರಗಿ ಹಿಡದ್ರ ಮೀಸಿ ಬರೂದಿಲ್ಲಂತ."

"ಹೌದ ನೋಡು. ಅದಕ್ಕ ನನಗೂ ಬಂದಿಲ್ಲ."

ಹುಡುಗಿಯರೆಲ್ಲ ಬಾವಿ ಕಟ್ಟೆಯ ಮೇಲೆ ಕೂತು ಆಣೆ ಮಾಡಿದೆವು, ನನಗೇ ಹಾಕುವುದೆಂದು. ಹನ್ನೊಂದಕ್ಕೆ ಹತ್ತು. ಗೆದ್ದಂತೆಯೇ.

ಮೂಲೆಯ ಕೋಣೆಯಲ್ಲಿ ಎರಡು ಹಿತ್ತಾಳೆ ಚರಿಗೆ ಇಟ್ಟಿದ್ದರು. ಒಂದು ನಮ್ಮ ಮನೆಯದು, ಒಂದು ಬಸ್ಯಾನ ಮನೆಯದು. ಒಬ್ಬೊಬ್ಬರೇ ಒಳಗೆ ಹೋಗಿ, ಬೇಕಾದವರ ಚರಿಗೆಯಲ್ಲಿ ಒಂದು ಅವರೆಕಾಳು ಹಾಕಬೇಕು. ಹಾಕಿದ್ದನ್ನು ತೆಗೆಯುವಂತಿಲ್ಲ, ಯಾರಿಗೆ ಹಾಕಿದೆವೆಂದು ಹೇಳುವಂತೆಯೂ ಇಲ್ಲ ಎಂದಿದ್ದರು ಮಾಸ್ತರು. ಹುಡುಗಿಯರು ಮೊದಲು, ಅವರಲ್ಲಿ ನಾನು ಕೊನೆ. ಬಗ್ಗಿ ನೋಡಿದೆ. ನನ್ನದರಲ್ಲಿ ಹತ್ತು ಕಾಳು. ಬಸ್ಯಾನದು ಬರಿದು.

ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆ ಬಂದರೆ ಬರಿದಾಗಿ ತಿರುಗಿ ಕಳಿಸುವುದಿಲ್ಲ. ಒಂದು ಕಾಳಾದರೂ ಹಾಕಬೇಕು. ಮರೆತದ್ದಕ್ಕೆ ಅಜ್ಜಿ ಎಷ್ಟೋ ಸಲ ಬೆನ್ನಿಗೆ ಗುದ್ದಿದ್ದಳು. ಬರಿದಾದ ಚರಿಗೆ ಕಂಡಿತು, ಕೈ ತಾನೇ ಹೋಯಿತು. ಟಣ್ ಎಂದ ಮೇಲೆ ಎಚ್ಚರವಾಯಿತು. ಹುಡುಗರು ಹಾಕುವುದು ಇನ್ನೂ ಬಾಕಿಯಿತ್ತು.

ಎಣಿಸಿದರು. ಬಸ್ಯಾನಿಗೆ ಹನ್ನೊಂದು, ನನಗೆ ಹತ್ತು.

ಹುಡುಗಿಯರೆಲ್ಲ ನೀಲವ್ವನ ಮೇಲೆ ಬಿದ್ದರು. ಅವಳ ತಾಯಿ ಬಸ್ಯಾನ ಮನೆಯಲ್ಲಿ ಬೀಸುವ ಕೆಲಸ ಮಾಡುತ್ತಿದ್ದಳು.

"ಅವರ ರೊಟ್ಟಿ ತಿಂದಾಕಿ, ಅವರಿಗೇ ಹಾಕ್ಯಾಳ."

"ನಮ್ಮವ್ವನ ಆಣಿ, ನಾ ಹಾಕಿಲ್ಲ," ಎಂದು ನೀಲವ್ವ ನನ್ನ ಕಡೆ ತಿರುಗಿದಳು. "ನೀನರ ಹೇಳ ಇವರಿಗೆ."

"ಓಟು ಯಾರಿಗೆ ಹಾಕೀವಿ ಅಂತ ಯಾರೂ ಹೇಳಬಾರದಂತ. ಮಾಸ್ತರು ಹೇಳ್ಯಾರಲ್ಲ," ಎಂದೆ ನಾನು.

ಅಂದು ಕಲಿತ ಪಾಠವನ್ನು ಅಂದೇ ಹಾಗೆ ಬಳಸಿದೆ.

ಈಗ ಆ ಶಾಲೆಯಲ್ಲಿ ಹುಡುಗರೂ ಕಸ ಹೊಡೆಯುತ್ತಾರಂತೆ. ಆಗಲಿ. ಮೊಮ್ಮಗಳು ಪೌರನೀತಿಯ ಪಾಠವನ್ನು ದೊಡ್ಡದಾಗಿ ಓದುತ್ತಾಳೆ, ಕೇಳಿ ಕೇಳಿ ದಣಿವಾಗಿದೆ. ಬಂದ ಚುನಾವಣೆಗೆಲ್ಲ ಓಟು ಹಾಕಿದ್ದೇನೆ, ಯಾವುದಕ್ಕೂ ಮತ್ತೆ ನಿಂತಿಲ್ಲ. ಬಾವಿ ಕಟ್ಟೆಯ ಹನ್ನೊಂದು ಜನರಲ್ಲಿ ಉಳಿದವಳು ನಾನೊಬ್ಬಳೇ. ನೀಲವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಹೇಳಬೇಕೆಂದರೂ ಈಗ ಕೇಳುವವರಿಲ್ಲ.

ಸೋತ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ಕಸಬರಿಗೆ ತಗೊಂಡು ನನ್ನ ಪಾಲಿನ ಅಂಗಳ ಗುಡಿಸಿದೆ, ನೀಲವ್ವನ ಪಾಲಿನದನ್ನೂ ಗುಡಿಸಿದೆ. ಅವಳು ಬಂದು, "ಯಾಕಬೇ, ನನ್ನದೂ ನೀ ಯಾಕ ಹೊಡದಿ?" ಎಂದು ಕೇಳಿದಳು. ಕಸ ತುಂಬಿದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ತಿಪ್ಪೆಯ ಕಡೆ ನಡೆದೆ.