ಆರ್ಡಿಸ್ ಎತ್ತದೆ ಬಿಟ್ಟ ಜಿಂಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾರ್ಬಿ ಕಣಿವೆಯ ರಸ್ತೆಯಂಚಿನಲ್ಲಿ ಒಂದು ಹೆಣ್ಣು ಜಿಂಕೆ ಕಾಲು ಚಾಚಿ ಬಿದ್ದಿದೆ. ರಾತ್ರಿ ಯಾವುದೋ ಕಾರು ಗುದ್ದಿರಬೇಕು. ಆರ್ಡಿಸ್ ತೋರ್ಸನ್ ತಮ್ಮ ಹಳೆಯ ಪಿಕಪ್ ನಿಲ್ಲಿಸಿ, ಹಳದಿ ದೀಪ ಹಾಕಿ ಕೆಳಗಿಳಿಯುತ್ತಾರೆ. ಜಿಂಕೆಯ ಕಾಲಿಗೆ ಕುಣಿಕೆ ಹಾಕಿ ರಾಟೆ ತಿರುಗಿಸುತ್ತಾರೆ. ಜಿಂಕೆ ಹಲಗೆಯ ಮೇಲೆ ಜಾರಿಕೊಂಡು ಹಿಂದಿನ ತೊಟ್ಟಿ ಸೇರುತ್ತದೆ. "ಅಷ್ಟೇನು ಅವಸರ ಇತ್ತು ಮಾರಾಯ್ತಿ ನಿಂಗೆ?" ಎಂದು ಅದರ ಕಿವಿ ತಟ್ಟುತ್ತಾರೆ.

ಮುಂದಿನ ಸೀಟಿನಲ್ಲಿ ಕೂತ ಕಂದು ನಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಈ ಕೆಲಸದ ಉಸ್ತುವಾರಿ ನೋಡಿಕೊಳ್ಳುತ್ತದೆ. ಹೆಸರು ಓಟಿಸ್. ಆರ್ಡಿಸ್ ಗಾಡಿ ಹತ್ತಿದವರು ಮೊದಲು ಅದರ ತಲೆ ಮುಟ್ಟುತ್ತಾರೆ, ಆಮೇಲೆ ಕೀಲಿ ತಿರುಗಿಸುತ್ತಾರೆ. ಹೋದ ವರ್ಷ ಎಲೆ ಉದುರುವ ಕಾಲದಿಂದ ಈ ಅಭ್ಯಾಸ.

ಪಶ್ಚಿಮ ವಿಸ್ಕಾನ್ಸಿನ್ನಿನ ಈ ಗುಡ್ಡಗಳ ನಡುವೆ ದಾರಿಯಲ್ಲಿ ಸತ್ತ ಜಿಂಕೆ ದಿನಾ ಸಿಗುತ್ತದೆ. ಅದು ಯಾರಿಗೂ ಕಾಣದ ಹಾಗೆ ಮಾಯವಾಗುವುದು ಆರ್ಡಿಸ್ ಅವರಿಂದ. ಗಂಡ ಮರ್ಲ್ ತೀರಿಕೊಂಡು, ಹಸುಗಳನ್ನು ಮಾರಿದ ಮೇಲೆ ಹಿಡಿದ ಕೆಲಸ ಇದು. ಬೇರೆ ಎಲ್ಲರೂ ಬೇಡವೆಂದಿದ್ದರು. ಮಾಮೂಲಿ ದಿನ ಎರಡೋ ಮೂರೋ, ಜಿಂಕೆಗಳು ಜೋಡಿ ಹುಡುಕಿ ಮೈಮರೆತು ಓಡಾಡುವ ನವೆಂಬರಿನಲ್ಲಿ ತೊಟ್ಟಿ ತುಂಬಿ ಮತ್ತೊಂದು ಸುತ್ತು. "ಎಷ್ಟು ತಿಕ್ಕಿ ಸ್ನಾನ ಮಾಡಿದ್ರೂ ವಾಸನೆ ಹೋಗಲ್ಲ. ಚರ್ಚಲ್ಲಿ ನನ್ ಬೆಂಚು ಯಾವಾಗ್ಲೂ ಖಾಲಿ. ಕಾಲು ಚಾಚ್ಕೊಂಡು ಕೂರ್ತೀನಿ," ಎಂದು ನಗುತ್ತಾರೆ.

ಹೋದ ವರ್ಷ ಅಕ್ಟೋಬರಿನಲ್ಲಿ ನೆರೆಯ ಲೈಲ್ ಹಾಗೆನ್‌ನ ಕುರಿಗಳು ಸಾಯತೊಡಗಿದವು. ಲೈಲ್ ಮತ್ತು ಆರ್ಡಿಸ್ ಒಂದೇ ಶಾಲೆ, ಒಂದೇ ಚರ್ಚು. ಒಂದು ಮುಂಜಾನೆ ಸತ್ತ ಕುರಿ ನೋಡಲು ಹೋದ ಲೈಲ್‌ಗೆ ಬೇಲಿಯ ಪಕ್ಕದಲ್ಲಿ ಸಿಕ್ಕಿದ್ದು ಓಟಿಸ್, ಬಾಯಿಗೆಲ್ಲ ರಕ್ತ ಮೆತ್ತಿಕೊಂಡು. ಆರ್ಡಿಸ್ ಕೆಳಗಿನ ರಸ್ತೆಯಲ್ಲಿ ರಾಟೆ ತಿರುಗಿಸುತ್ತಿದ್ದಾಗ ಅದು ಜಿಂಕೆಯನ್ನು ನೆಕ್ಕಿ, ಸುಮ್ಮನೆ ಸುತ್ತಾಡಲು ಮೇಲೆ ಹತ್ತಿತ್ತು. ಸತ್ತ ಜಿಂಕೆಯ ಗಾಡಿಯಲ್ಲಿ ತಿರುಗುವ ನಾಯಿಯ ಬಾಯಲ್ಲಿ ರಕ್ತವಿರುವುದು ಹೊಸದೇನಲ್ಲ. ಆದರೆ ಅದನ್ನು ಕುರಿ ಕಳೆದುಕೊಂಡವನಿಗೆ ಹೇಳಿ ನಂಬಿಸುವುದು ಹೇಗೆ?

"ಕುರಿ ರುಚಿ ಹತ್ತಿದ ನಾಯೀನ ಉಳಿಸೋ ಹಾಗಿಲ್ಲ. ಈ ಭಾನುವಾರ ಚರ್ಚಿಂದ ಬಂದ್ಮೇಲೆ ನೀನೇ ಅದನ್ನ ಮುಗಿಸ್ಬಿಡು ಆರ್ಡಿಸ್. ನನ್ ಕೈಲಿ ಮಾಡಿಸ್ಬೇಡ," ಎಂದ ಲೈಲ್. ಅವನಿಗೂ ಕಣ್ಣೆತ್ತಿ ನೋಡಲಾಗಲಿಲ್ಲ.

ಸಂಕಟ ಏನೆಂದರೆ, ಅದೇ ವಾರ ಆರ್ಡಿಸ್ ಬೇರೊಂದನ್ನು ನೋಡಿದ್ದರು. ಒಣಹುಲ್ಲಿನ ಬಣ್ಣದ ದೊಡ್ಡ ಪ್ರಾಣಿ, ನೆಲಕ್ಕಿಳಿದು ಮೇಲಕ್ಕೆ ಬಾಗಿದ ಉದ್ದ ಬಾಲ. ಗಾಡಿಯ ದೀಪದ ಮುಂದೆಯೇ ರಸ್ತೆ ದಾಟಿ ಹೋಗಿತ್ತು. ಕೂಗರ್. ಬೆಟ್ಟದ ಸಿಂಹ ಎಂದೂ ಕರೆಯುವ, ಈ ಸೀಮೆಯಲ್ಲಿ ಮುತ್ತಜ್ಜಂದಿರ ಕಾಲಕ್ಕೇ ಅಳಿದುಹೋದ ದೊಡ್ಡ ಕಾಡುಬೆಕ್ಕು! ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯಲು ಸೇರುವ ಗಂಡಸರ ಮುಂದೆ ಹೇಳಿದರು. ಒಬ್ಬ ಆರ್ಡಿಸ್ ಅವರ ಲೋಟ ಎತ್ತಿ ಮೂಸಿ ನೋಡಿದ. "ಏನ್ ಬೆರೆಸ್ಕೊಂಡಿದೀಯ ಇದಕ್ಕೆ? ನಮ್ಗೂ ಸ್ವಲ್ಪ ಹಾಕೇ." ಇನ್ನೊಬ್ಬ, "ನಾಯಿ ಉಳಿಸ್ಕೊಳ್ಳೋಕೆ ಸಿಂಹ ತಂದ್ಲು ನೋಡ್ರೋ," ಎಂದ. ಎಲ್ಲರೂ ನಕ್ಕರು. ಲೈಲ್ ಮಾತ್ರ ನಗಲಿಲ್ಲ.

ವನ್ಯಜೀವಿ ವಾರ್ಡನ್ ಒಳ್ಳೆಯ ಮನುಷ್ಯ. ಬಂಕಿಗೇ ಬಂದು ಸಮಾಧಾನದಿಂದ ಕೇಳಿದ: "ಕೂಗರ್ ಆಗಿದ್ರೆ ಕೊಂದ ಬೇಟೇನ ಎಲೆ, ಹುಲ್ಲು ಎಳ್ದು ಮುಚ್ಚಿಡುತ್ತೆ. ಆಮೇಲೆ ಬಂದು ತಿನ್ನುತ್ತೆ. ಅಂಥದ್ದೇನಾದ್ರೂ ಕಂಡಿದ್ರಾ ನೀವು?"

ಆರ್ಡಿಸ್ ಲೋಟ ಕೆಳಗಿಟ್ಟರು. ಕಂಡಿದ್ದರು. ಒಂದಲ್ಲ, ಎರಡು. ಲೈಲ್‌ನ ಹುಲ್ಲುಗಾವಲಿನ ಕೆಳಗಿನ ಚರಂಡಿಯಲ್ಲಿ ಎಲೆ ಹೊದಿಸಿದ ಜಿಂಕೆಗಳು. ಹುಡುಗರ ಕಿತಾಪತಿ ಎಂದು ಬೈದುಕೊಂಡು, ಉದ್ದ ಹಿಡಿಯ ಕೈಕುಂಟೆಯಿಂದ ಎಲೆ ಗುಡಿಸಿ, ಎರಡನ್ನೂ ಹೊತ್ತು ತಂದಿದ್ದರು. "ಎತ್ಕೊಂಡ್ ಬಂದ್ಬಿಟ್ಟೆ," ಎಂದರು ಮೆಲ್ಲಗೆ. ಬಂಕು ಮತ್ತೊಮ್ಮೆ ನಕ್ಕಿತು.

"ಅವತ್ತು ಮನೆಗೆ ಬಂದು ಕೂತಾಗ ಹೊಳೀತು ನಂಗೆ," ಎನ್ನುತ್ತಾರೆ ಆರ್ಡಿಸ್. "ಅದರ ಊಟ ನಾನು ಕಿತ್ಕೊಂಡೆ. ಹಸ್ಕೊಂಡು ಅದು ಲೈಲ್ ಕುರಿಗೆ ಹೋಯ್ತು. ಪೆಟ್ಟು ಓಟಿಸ್ ತಲೆ ಮೇಲೆ. ನಿಜ ಹೇಳ್ಲಾ? ಅದಕ್ಕೂ ಮುಂಚೆ ನಾನೂ ಓಟಿಸ್ ಮೇಲೆ ಅನುಮಾನ ಪಟ್ಟಿದ್ದೆ. ಅದು ನನ್ ಮುಖ ನೋಡಿ ಬಾಲ ಅಲ್ಲಾಡಿಸ್ತಿತ್ತು. ನಂಗೆ ಸಹಿಸೋಕೆ ಆಗ್ಲಿಲ್ಲ."

ಗುರುವಾರ ಬೆಳಿಗ್ಗೆ ಅದೇ ಚರಂಡಿಯಲ್ಲಿ ಇನ್ನೊಂದು ಜಿಂಕೆ ಬಿದ್ದಿತ್ತು. ಮೇಪಲ್ ಎಲೆಗಳ ರಾಶಿಯಿಂದ ಒಂದು ಗೊರಸು ಮಾತ್ರ ಕಾಣುತ್ತಿತ್ತು. ಕೈ ರೂಢಿಯಂತೆ ಕುಂಟೆ ತೆಗೆದೇಬಿಟ್ಟಿತ್ತು. ಆರ್ಡಿಸ್ ಕುಂಟೆಯನ್ನು ಮತ್ತೆ ಗಾಡಿಯಲ್ಲಿಟ್ಟು, ಜಿಂಕೆಯನ್ನು ಅಲ್ಲೇ ಬಿಟ್ಟು, ನೇರ ಲೈಲ್‌ನ ಮನೆ ಬಾಗಿಲಿಗೆ ಹೋದರು.

"ಕೊಂಬಿನ ಜಿಂಕೆ ನೋಡೋಕೆ ಮರಕ್ಕೆ ಕಟ್ತೀಯಲ್ಲ, ಆ ಕ್ಯಾಮೆರಾ ತಗೊಂಡ್ ಬಾ."

"ಯಾಕೆ?"

"ನೀನೇ ಬಂದು ಕಟ್ಟು. ನಾನು ಕಟ್ಟಿದ್ರೆ ನಾಳೆ ಇನ್ನೊಂದ್ ಮಾತಾಡ್ತೀಯ."

ಬೇಟೆಗಾಲ ಹತ್ತಿರವಿತ್ತು. ಎದುರಿಗೆ ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಆ ಕ್ಯಾಮೆರಾ ಲೈಲ್‌ನ ಹಟ್ಟಿಯಲ್ಲಿ ಸಿದ್ಧವಾಗಿಯೇ ಇತ್ತು. ಗೊಣಗುತ್ತಲೇ ಬಂದು ಕಟ್ಟಿದ. ಆಮೇಲೆ ಎರಡು ದಿನ ಆರ್ಡಿಸ್ ಬೈಸಿಕೊಂಡರು. ಸತ್ತ ಜಿಂಕೆ ಇನ್ನೂ ಅಲ್ಲೇ ಇದೆ ಎಂದು ಶಾಲಾ ಬಸ್ಸಿನ ಚಾಲಕಿ ಫೋನು ಮಾಡಿದಳು. ಕೆಲಸ ಕೊಟ್ಟ ಕಚೇರಿಯವರು, ಆಗದಿದ್ದರೆ ಬಿಟ್ಟುಬಿಡಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಎಲ್ಲದಕ್ಕೂ "ಹೂಂ, ಎತ್ತೀನಿ," ಎಂದರೇ ಹೊರತು ಎತ್ತಲಿಲ್ಲ. ಶುಕ್ರವಾರ ಸಂಜೆ ಊರೆಲ್ಲ ಪ್ರತಿ ವಾರದಂತೆ ಕರಿದ ಮೀನಿನ ಊಟಕ್ಕೆ ಹೋಗಿದ್ದಾಗ ಇವರು ಅಡುಗೆಮನೆಯಲ್ಲಿ ನಾಯಿಯನ್ನು ಕಾಲ ಬಳಿ ಕೂರಿಸಿಕೊಂಡು ರೊಟ್ಟಿ ಹರಿದು ತಿನ್ನಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಇಬ್ಬರೂ ಪಿಕಪ್ಪಿನಲ್ಲಿ ಕೂತರು. ನಡುವೆ ಓಟಿಸ್. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮೊದಲು ಕಂಡದ್ದು ಲೈಲ್‌ನ ಸ್ವಂತ ಮಂಡಿ. ಆಮೇಲೆ ಬೆಕ್ಕಿನ ಗಾತ್ರದ ಒಂದು ರಕೂನ್. ಆಮೇಲೆ ಗಾಳಿಗೆ ಅಲ್ಲಾಡಿದ ಕೊಂಬೆ, ಮತ್ತೆ ಕೊಂಬೆ, ಮತ್ತೆ ಕೊಂಬೆ. ಆರ್ಡಿಸ್ ನೋಡುವುದನ್ನೇ ಬಿಟ್ಟು ನಾಯಿಯ ಕೊರಳ ಪಟ್ಟಿ ಹಿಡಿದು ಕೂತರು.

ಲೈಲ್‌ನ ಬೆರಳು ನಿಂತಿತು. ಅವನು ಟೋಪಿ ತೆಗೆದ.

"ಬಾಲ ಉದ್ದ ಇದೆ," ಎಂದ.

ಅಷ್ಟೇ. ಎಲೆಗಳ ಮೇಲೆ ಪಂಜ ಊರಿ, ಕ್ಯಾಮೆರಾವನ್ನೇ ದಿಟ್ಟಿಸಿ ನಿಂತಿತ್ತು ಕೂಗರ್. ಆರ್ಡಿಸ್ ಸ್ಟಿಯರಿಂಗಿಗೆ ಹಣೆ ಒತ್ತಿ ಗಳಗಳ ಅತ್ತರು. ಏನೂ ಅರ್ಥವಾಗದ ಓಟಿಸ್ ಲೈಲ್‌ನ ಕಿವಿ ನೆಕ್ಕಿತು. ಅವನು ತಲೆ ಸರಿಸಲಿಲ್ಲ.

ದೂರದ ಪಶ್ಚಿಮದ ಬೆಟ್ಟಗಳಿಂದ ಹೆಣ್ಣು ಹುಡುಕಿಕೊಂಡು ಬಂದ ಎಳೆ ಗಂಡು, ಇಲ್ಲಿ ನಿಲ್ಲುವುದಿಲ್ಲ ಎಂದ ವಾರ್ಡನ್. ಹಾಗೆಯೇ ಆಯಿತು. ಲೈಲ್ ರಾತ್ರಿ ಕುರಿಗಳನ್ನು ಕೊಟ್ಟಿಗೆಗೆ ಹೊಡೆಯತೊಡಗಿದ. ಹಿಮ ಬೀಳುವ ಹೊತ್ತಿಗೆ ಕೂಗರ್ ಸುಳಿವಿರಲಿಲ್ಲ. ಈಗ ಬಂಕಿನಲ್ಲಿ ಅದನ್ನು ನೋಡದ ಗಂಡಸೇ ಇಲ್ಲ. ಲೋಟ ಮೂಸಿದವನಂತೂ ಎರಡು ಸಲ ನೋಡಿದ್ದಾನಂತೆ, ಆರ್ಡಿಸ್‌ಗಿಂತ ಮೊದಲೇ.

ಲೈಲ್ ಕ್ಷಮೆ ಕೇಳಲಿಲ್ಲ. ಆದರೆ ಚರ್ಚಿನಲ್ಲಿ ಆ ಖಾಲಿ ಬೆಂಚಿನಲ್ಲಿ ಬಂದು ಕೂರುತ್ತಾನೆ. ಹೊರಡುವಾಗ ಜೇಬಿನಿಂದ ಕಾಗದ ಸುತ್ತಿದ ಮೂಳೆ ತೆಗೆದು ಕೊಡುತ್ತಾನೆ. ಕುರಿಮೂಳೆ. "ಇದನ್ನ ತಿನ್ನಿಸಿ ಚಟ ಹಿಡಿಸ್ಬೇಡ ಕಣೋ," ಎಂದು ಆರ್ಡಿಸ್ ಪ್ರತಿ ಸಲವೂ ರೇಗಿಸುತ್ತಾರೆ.

ಅವರ ಆಸೆಯೂ ದೊಡ್ಡದೇನಲ್ಲ. "ಆ ಕೂಗರ್‌ಗೊಂದು ಜೋಡಿ ಸಿಕ್ಕಿರ್ಲಿ. ಸಂಸಾರ ಮಾತ್ರ ಇಲ್ಲಿ ಹೂಡೋದು ಬೇಡಪ್ಪ."

ಇನ್ನೊಂದು ತಿರುವಿನಾಚೆ ಮತ್ತೊಂದು ಜಿಂಕೆ ಕಾದಿದೆಯೆಂದು ಫೋನು ಬಂದಿದೆ. ಆರ್ಡಿಸ್ ಗಾಡಿ ಹತ್ತಿ ಓಟಿಸ್ ತಲೆ ಮುಟ್ಟುತ್ತಾರೆ. ಕೈ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲುತ್ತದೆ.

"ನನ್ ರಸ್ತೇಲಿ ಒಂದು ಜಿಂಕೇನೂ ಬಿಟ್ಟು ಹೋದೋಳಲ್ಲ ನಾನು," ಎನ್ನುತ್ತಾರೆ. "ಒಂದೇ ಒಂದು ಬಿಟ್ಟೆ. ಅದನ್ನ ಬಿಟ್ಟಿದ್ದಕ್ಕೇ ಇವ್ನು ಇಲ್ಲಿ ಕೂತಿದ್ದಾನೆ."