ಮಗಳ ಹೆಸರು ಬಂದರೆ ಕಾಫಿ

ದೆಹಲಿಯ ಮಯೂರ್ ವಿಹಾರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಒಳ್ಳೆಯ ಫಿಲ್ಟರ್ ಕಾಫಿ ಬೇಕೆಂದರೆ ನನ್ನ ಬಳಿ ಒಂದು ಉಪಾಯವಿತ್ತು. ಮೇಲಿನ ಮಹಡಿಯ ಸೂರ್ಯನಾರಾಯಣರ ಮನೆಗೆ ಹೋಗಿ ಕುಳಿತು, ಫುಟ್‌ಬಾಲಿನ ಮಾತು ತೆಗೆದು, ನಡುವೆ ಮೆಲ್ಲಗೆ "ನಮ್ಮ ಸ್ಫೂರ್ತಿ ಹೇಗೆ ಆಡ್ತಿದ್ದಾಳೆ?" ಎಂದರೆ ಸಾಕು. ಅವರು ತಟ್ಟನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಮಗಳ ಮಾತು ಮುಗಿಯುವ ತನಕ ಹೊರಗೆ ಬರುತ್ತಿರಲಿಲ್ಲ. ಬರುವಾಗ ಕೈಯಲ್ಲಿ ಕಾಫಿಯ ತಟ್ಟೆ ಇರುತ್ತಿತ್ತು. ಈ ಉಪಾಯವನ್ನು ನಾನು ಮನಸಾರೆ ಬಳಸಿಕೊಂಡಿದ್ದೇನೆ, ನಾಚಿಕೆಯೇನೂ ಇಲ್ಲ.

ಸೂರ್ಯನಾರಾಯಣ ತುಮಕೂರಿನ ಕಡೆಯವರು. ಕೇಂದ್ರ ಸರ್ಕಾರದ ಗುಮಾಸ್ತರಾಗಿ ದೆಹಲಿಗೆ ಬಂದು, ಸೆಕ್ಷನ್ ಆಫೀಸರ್ ಆಗಿ ಹೋದ ವರ್ಷ ನಿವೃತ್ತರಾದರು. ಅದೇ ಸಚಿವಾಲಯದ ಅನುವಾದ ವಿಭಾಗದಲ್ಲಿ ನಾನಿನ್ನೂ ಸವೆಯುತ್ತಿದ್ದೇನೆ. ಅವರ ಕೆಲಸವೆಂದರೆ ಡ್ರಾಫ್ಟ್ ಬರೆಯುವುದು. ಮಂತ್ರಿಗಳು ಕೊಡಬೇಕಾದ ಉತ್ತರ, ಕಾರ್ಯದರ್ಶಿಗಳು ಕಳಿಸಬೇಕಾದ ಪತ್ರ, ಎಲ್ಲಕ್ಕೂ ಮೊದಲ ಕರಡು ಇವರದು, ಕೊನೆಯ ಸಹಿ ಇನ್ನೊಬ್ಬರದು. "ಸೂರಜ್ ಬಾಬು ಬರೆದರೆ ತಿದ್ದೋದೇ ಬೇಡ" ಎಂದು ದೊಡ್ಡ ಸಾಹೇಬರುಗಳೇ ಹೇಳುತ್ತಿದ್ದರು. ಸೂರ್ಯನಾರಾಯಣ ಎಂಬ ಹೆಸರು ಉದ್ದವಾಯಿತೆಂದು ಆಫೀಸಿನವರು ಅದನ್ನು ಕತ್ತರಿಸಿ ಸೂರಜ್ ಬಾಬು ಮಾಡಿಟ್ಟಿದ್ದರು. ಇವರು ಒಂದು ದಿನವೂ ತಕರಾರು ಮಾಡಲಿಲ್ಲ. ನನಗೇ ಮೈ ಉರಿಯುತ್ತಿತ್ತು. ಮನುಷ್ಯನ ಹೆಸರನ್ನು ಬದನೆಕಾಯಿ ಹೆಚ್ಚಿದ ಹಾಗೆ ಹೆಚ್ಚುವುದು ಯಾವ ಮರ್ಯಾದೆ?

ಅವರಿಗೆ ಸರ್ಕಾರದ ನಿಯಮವೆಂದರೆ ಮಡಿ. ಒಮ್ಮೆ ಅವರ ಷಡ್ಡಕನ ವರ್ಗಾವಣೆಯ ಫೈಲು ಇವರ ಮೇಜಿಗೇ ಬಂತು. ಸ್ವಂತದವರ ಫೈಲನ್ನು ಮುಟ್ಟಬಾರದೆಂದು ಅದನ್ನು ಪಕ್ಕದ ಮೇಜಿಗೆ ಕೊಟ್ಟರು. ಅಷ್ಟಕ್ಕೇ ಬಿಡದೆ, ಅದರ ಮಾತು ಕಿವಿಗೂ ಬೀಳಬಾರದೆಂದು ಕೋಣೆಯಿಂದಲೇ ಎದ್ದುಹೋದರು. ಆ ಅಭ್ಯಾಸ ಅವರ ಜೊತೆಯಲ್ಲೇ ಮನೆಗೂ ಬಂತು. ಮಗಳ ಆಟದ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಲು ಬಾಯಿ ತೆರೆದರೆ ಇವರು ಸಭಾತ್ಯಾಗ ಮಾಡುತ್ತಿದ್ದರು. ಆಫೀಸಿನಲ್ಲಿ ಕಾರಿಡಾರ್ ಇತ್ತು, ಮನೆಯಲ್ಲಿ ಅಡುಗೆಮನೆ. ಹೋದ ಮೇಲೆ ಸುಮ್ಮನೆ ನಿಲ್ಲುವುದೇಕೆ ಎಂದು ಕಾಫಿ ಮಾಡುತ್ತಿದ್ದರು, ಅಷ್ಟೆ.

ಸ್ಫೂರ್ತಿ ಅವರ ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ ಎದುರಿನ ಬಯಲಿನಲ್ಲಿ ಹುಡುಗರ ಜೊತೆ ಚೆಂಡು ಒದೆಯಲು ಕಲಿತಳು. ಈಗ ಕಾಲೇಜು ತಂಡದ ಸ್ಟಾಪರ್, ಎಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವಳು. ಮಗಳಿಗಾಗಿ ಫುಟ್‌ಬಾಲ್ ನೋಡಲು ಶುರುಮಾಡಿದ ಅಪ್ಪನಿಗೆ ಅದರ ಹುಚ್ಚು ಹಿಡಿದು, ದೆಹಲಿಯಲ್ಲಿ ಹುಡುಗಿಯರ ಕಾಲೇಜು ಪಂದ್ಯ ಎಲ್ಲೇ ನಡೆದರೂ ಮಂಕಿಕ್ಯಾಪ್ ಹಾಕಿಕೊಂಡು ಹೋಗಿ ಕೂರುವಂತಾಯಿತು. ನಾನು ಅವರ ಹಿಂದೆ ಹೋಗಿ ಕೆಟ್ಟವನು. ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹಿಡಿದು ಸಂಶೋಧನೆ ಮಾಡುತ್ತಿರುವ ಯೋಗೀಶ ನಮ್ಮ ಹಿಂದೆ ಬಂದು ಕೆಟ್ಟವನು. ಅವನ ಸಂಶೋಧನೆ ಇನ್ನೂ ಮುಗಿದಿಲ್ಲ, ಅದಕ್ಕೆ ನಾವೇ ಕಾರಣವೆಂದು ಅವನ ಗೈಡಿಗೆ ಗೊತ್ತಿಲ್ಲ.

ಈ ವರ್ಷ ಹುಡುಗಿಯರಿಗಾಗಿ ಹೊಸ ವೃತ್ತಿಪರ ಲೀಗ್ ಶುರುವಾಯಿತು. ಲೀಗಿನ ತಂಡಗಳು ಸರದಿಯಂತೆ ಒಬ್ಬೊಬ್ಬಳೇ ಕಾಲೇಜು ಆಟಗಾರ್ತಿಯನ್ನು ಆರಿಸಿಕೊಳ್ಳುತ್ತವೆ. ಅದಕ್ಕೂ ಡ್ರಾಫ್ಟ್ ಎಂದೇ ಹೆಸರು. ಕೇಳಿದ ದಿನ ಸೂರ್ಯನಾರಾಯಣ ಮುಖ ಸಿಂಡರಿಸಿದರು. "ಡ್ರಾಫ್ಟ್ ಅಂದ್ರೆ ಮೇಲಿನವರು ತಿದ್ದೋ ಕಾಗದ ರೀ. ಅದರಲ್ಲಿ ಹೆಸರು ಬಂತು ಅಂತ ಯಾರಾದ್ರೂ ಕುಣೀತಾರಾ? ಫೇರ್ ಕಾಪಿ ಆಗಿ ಸಹಿ ಬೀಳಲಿ."

ಸ್ಫೂರ್ತಿ ಮಾತ್ರ ಅದರ ಮೇಲೆ ಜೀವವಿಟ್ಟಿದ್ದಳು. ಅದು ಅವಳ ಕಾಲೇಜಿನ ಕೊನೆಯ ವರ್ಷ. ಈ ಸಲ ಯಾವ ತಂಡವೂ ಕರೆಯದಿದ್ದರೆ ಚೆಂಡು ಎತ್ತಿಟ್ಟು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇನೆ ಎಂದು ಅಮ್ಮ ಪದ್ಮಾ ಅವರಿಗೆ ಅವಳೇ ಮಾತು ಕೊಟ್ಟಿದ್ದಳು. ಕೊಟ್ಟ ಮಾತು ತಪ್ಪುವ ಹುಡುಗಿಯಲ್ಲ ಅದು.

ಡ್ರಾಫ್ಟಿನ ಹಿಂದಿನ ಭಾನುವಾರ ಸೂರ್ಯನಾರಾಯಣರ ಮನೆಯಲ್ಲಿ ನಮ್ಮ ಸಭೆ ಸೇರಿತು. ನಾನು ಹಿಸಾರಿನ ಸರೋಜ್ ಎಂಬ ಹುಡುಗಿಯ ಕಡೆ. ಅವಳ ಕಾಲಿಗೆ ಚೆಂಡು ಸಿಕ್ಕರೆ ಎದುರಿನ ಗೋಲ್‌ಕೀಪರ್ ಎದೆ ನಡುಗುತ್ತದೆ. ಯೋಗೀಶ ಚಂಡೀಗಢದ ಒಬ್ಬ ಗೋಲ್‌ಕೀಪರ್ ಕಡೆ. ಇಬ್ಬರೂ ಗಂಟಲು ಹರಿದುಕೊಂಡ ಮೇಲೆ ಸ್ಟಾಪರ್‌ಗಳ ಮಾತು ಬಂತು.

"ಸ್ಫೂರ್ತಿ ಹೆಸರು ಬರೋದು ಕಷ್ಟ ಅನ್ಸುತ್ತೆ ಸರ್," ಎಂದ ಯೋಗೀಶ. "ಎತ್ತರ ಕಮ್ಮಿ. ಅದೂ ಅಲ್ದೆ, ಪಂದ್ಯ ಮುಗಿದ್ರೂ ಅವಳ ಜರ್ಸಿ ಇಸ್ತ್ರಿ ಮಾಡಿದ ಹಾಗೇ ಇರುತ್ತೆ. ಒಂದ್ಸಲನೂ ನೆಲಕ್ಕೆ ಬಿದ್ದು ಚೆಂಡು ತಡೆಯಲ್ಲ. ಆರಿಸೋರಿಗೆ ಅದೇನು ಕಾಣುತ್ತೆ?"

ಸೂರ್ಯನಾರಾಯಣ ಆಗಲೇ ಅಡುಗೆಮನೆಯಲ್ಲಿದ್ದರು. ಕಾಫಿ ಬಂತು. ನನಗೆ ಅವತ್ತು ಏಕೋ ಕೆಣಕುವ ಮನಸ್ಸಾಯಿತು. "ನೀವೇ ಹೇಳಿ ಸ್ವಾಮಿ, ಈ ಸಲದ ಒಳ್ಳೆಯ ಸ್ಟಾಪರ್ ಯಾರು? ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದೆ.

ಅವರು ಲೋಟ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, "ಇಂಫಾಲದ ಥೋಯ್ಬಿ," ಎಂದರು. "ಒಳ್ಳೆ ಹುಡುಗಿ. ಎಡಗಾಲೂ ಆಡುತ್ತೆ, ಬಲಗಾಲೂ ಆಡುತ್ತೆ."

ಬಾಗಿಲಲ್ಲಿ ಧಪ್ ಎಂದು ಚೀಲ ಬಿದ್ದ ಸದ್ದಾಯಿತು. ಅಭ್ಯಾಸ ಮುಗಿಸಿ ಬಂದ ಸ್ಫೂರ್ತಿ ಅಲ್ಲೇ ನಿಂತಿದ್ದಳು.

"ಸೀರಿಯಸ್ಲಿ, ಅಪ್ಪಾ?" ಎಂದಳು. "ಅಪ್ನೇ ಘರ್ ಮೇ ಭೀ ನಹೀ? ಮನೇಲೂ ನನ್ನ ಹೆಸರಿಲ್ವಾ?"

ಅಪ್ಪ ಏನೋ ಹೇಳಲು ಹೋದರು. ಅವಳು ನಿಲ್ಲಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡಿತು. ಪದ್ಮಾ ಅವರು ನಮ್ಮ ಎದುರಿಗೇ ಗಂಡನನ್ನು ತರಾಟೆಗೆ ತೆಗೆದುಕೊಂಡರು. "ರೀ, ಇದು ಮನೆ. ನಿಮ್ಮ ಆಫೀಸಲ್ಲ. ಅವಳು ಫೈಲಲ್ಲ, ಮಗಳು. ಊರಿಗೆಲ್ಲ ಡ್ರಾಫ್ಟ್ ಬರೆದ್ರಿ, ಅವಳಿಗೆ ಅಂತ ಒಂದು ಸಾಲು ಬರಲಿಲ್ವಲ್ಲ ನಿಮ್ಮ ಬಾಯಲ್ಲಿ!" ಕೆಣಕಿದವನು ನಾನು, ಬೈಸಿಕೊಂಡವರು ಅವರು. ನಾನು ಮತ್ತು ಯೋಗೀಶ ಚಪ್ಪಲಿ ಹುಡುಕಿಕೊಂಡು ಜಾಗ ಖಾಲಿ ಮಾಡಿದೆವು.

ಡ್ರಾಫ್ಟಿನ ದಿನ ಮಧ್ಯಾಹ್ನ ಪದ್ಮಾ ಅವರೇ ಕರೆದರೆಂದು ಮತ್ತೆ ಹೋದೆವು. ಟಿವಿಯಲ್ಲಿ ನೇರಪ್ರಸಾರ ಹಚ್ಚಿದ್ದರು. ಸ್ಫೂರ್ತಿ ನೆಲದ ಮೇಲೆ ಮಂಡಿ ತಬ್ಬಿಕೊಂಡು ಕುಳಿತಿದ್ದಳು. ಅಪ್ಪ ಮಗಳ ನಡುವೆ ಆ ವಾರವಿಡೀ ಉಪ್ಪಿಟ್ಟಿಗೆ ಉಪ್ಪು ಸಾಕೇ ಎನ್ನುವಷ್ಟೇ ಮಾತು ನಡೆದಿತ್ತಂತೆ. ನಾವು ಕುಳಿತ ಕೂಡಲೇ ಪದ್ಮಾ ಅವರು ಒಂದು ಕೆಲಸ ಮಾಡಿದರು. ಅಡುಗೆಮನೆಯ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇವತ್ತು ಯಾರಿಗೂ ಕಾಫಿ ಇಲ್ಲ," ಎಂದರು.

ಮೊದಲ ಸುತ್ತಿನಲ್ಲೇ ಸರೋಜಳನ್ನು ದೆಹಲಿ ತಂಡ ಎತ್ತಿಕೊಂಡಿತು. ನಾನು ಕೂಗಲು ಬಾಯಿ ತೆರೆದು, ಸ್ಫೂರ್ತಿಯ ಮುಖ ನೋಡಿ ಮುಚ್ಚಿಕೊಂಡೆ. ಎರಡನೆಯ ಸುತ್ತಿನಲ್ಲಿ ಥೋಯ್ಬಿಯ ಹೆಸರು ಬಂತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ಸುತ್ತು ಮುಗಿಯಿತು. ಉಳಿದದ್ದು ಕೊನೆಯ ಸುತ್ತು. ಅದರಲ್ಲೂ ಒಂದೊಂದೇ ತಂಡ ಬೇರೆ ಬೇರೆ ಹೆಸರು ಕರೆಯುತ್ತಾ ಹೋಯಿತು. ಟಿವಿಯಲ್ಲಿ ಟೈ ಕಟ್ಟಿದ್ದ ಪಂಡಿತನೊಬ್ಬ, ಉಳಿದಿರುವ ಸ್ಟಾಪರ್‌ಗಳಲ್ಲಿ ಹೇಳಿಕೊಳ್ಳುವಂಥವರು ಯಾರೂ ಇಲ್ಲ ಎಂದ.

ಸೂರ್ಯನಾರಾಯಣ ಎದ್ದು ನಿಂತರು. ಕಾಲು ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಹೋಯಿತು. ಬೀಗ ನೋಡಿ ನಿಂತರು. ತಿರುಗಿ, ಟಿವಿಯ ಕಡೆ ಬೆರಳು ತೋರಿಸಿದರು.

"ಯಾರೂ ಇಲ್ವಂತೆ! ಇವನಿಗೆ ಕಣ್ಣಿದೆಯೇನ್ರೀ?" ಅವರ ದನಿ ಅಷ್ಟು ಏರಿದ್ದನ್ನು ನಾನು ಆಫೀಸಿನಲ್ಲೂ ಕೇಳಿರಲಿಲ್ಲ. "ಜರ್ಸಿ ಕೊಳೆ ಆಗಲ್ಲ ಅಂತೀರಲ್ಲ, ಯಾಕೆ ಆಗಲ್ಲ ಗೊತ್ತಾ? ತಡವಾಗಿ ಬಂದೋರು ನೆಲಕ್ಕೆ ಬೀಳ್ತಾರೆ. ನನ್ನ ಮಗಳು ಚೆಂಡಿಗಿಂತ ಮುಂಚೆ ಹೋಗಿ ನಿಂತಿರ್ತಾಳೆ! ಎದುರಿನವಳು ಎಲ್ಲಿ ಒದೀತಾಳೆ ಅಂತ ಅವಳಿಗಿಂತ ಮೊದಲು ಇವಳಿಗೆ ಗೊತ್ತು. ಎತ್ತರ ಕಮ್ಮಿಯಂತೆ! ಎತ್ತರದೋರು ಎಷ್ಟು ಜನ ಇವಳನ್ನ ದಾಟಿ ಹೋಗಿದ್ದಾರೆ ಹೇಳಿ ನೋಡೋಣ. ಚಿಕ್ಕೋಳಾಗಿದ್ದಾಗ ಸರೋಜಿನಿ ನಗರದ ಬಯಲಲ್ಲಿ ಹುಡುಗರೇ ಇವಳ ಕಡೆ ಚೆಂಡು ತರೋಕೆ ಹೆದರ್ತಿದ್ರು. ಆ ಥೋಯ್ಬಿ ಚೆನ್ನಾಗಿ ಆಡ್ತಾಳೆ, ನಾನೇ ಹೇಳ್ದೆ. ನನ್ನ ಮಗಳು ಅವಳಿಗಿಂತ ಚೆನ್ನಾಗಿ ಆಡ್ತಾಳೆ. ಈಗ ಹೇಳ್ತಿದ್ದೀನಿ, ಬರ್ಕೊಳಿ! ಯಾರೂ ಆರಿಸದೇ ಹೋದ್ರೂ ಇದೇ ನನ್ನ ಮಾತು."

ಸ್ಫೂರ್ತಿ ಟಿವಿಯನ್ನು ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ತನ್ನ ಮಾತು ಅವತ್ತು ಅಡುಗೆಮನೆಗೂ ಕೇಳಿಸಿತ್ತೆಂದು ತಿಳಿದ ಯೋಗೀಶ ಕಾರ್ಪೆಟ್ಟಿನಲ್ಲಿ ಏನೋ ಹುಡುಕುತ್ತಿದ್ದ.

ಅಷ್ಟರಲ್ಲಿ ಕೊಲ್ಕತ್ತಾ ತಂಡದ ಕೊನೆಯ ಸರದಿ ಬಂತು. ವೇದಿಕೆಯ ಮೇಲಿದ್ದ ಹೆಂಗಸು ಚೀಟಿ ಬಿಡಿಸಿ ಓದತೊಡಗಿ, ನಡುವೆ ತಡವರಿಸಿ, ಮತ್ತೆ ಮೊದಲಿನಿಂದ ಓದಿದಳು. "ಸ್ಫೂರ್ತಿ... ಸೂರ್ಯ... ಸೂರ್ಯನಾರಾಯಣ."

ನಾನೂ ಯೋಗೀಶನೂ ಕಿರುಚಿದ ಕಿರುಚಿಗೆ ಕೆಳಗಿನ ಸೆಕ್ಯುರಿಟಿ ಭಯ್ಯಾ ಓಡಿ ಬಂದ. ಪದ್ಮಾ ಅವರು ಮಗಳನ್ನು ತಬ್ಬಿಕೊಂಡು ಅಳುತ್ತಿದ್ದರು. ಸೂರ್ಯನಾರಾಯಣ ಮಾತ್ರ ಟಿವಿಯನ್ನೇ ನೋಡುತ್ತಾ ನಿಂತುಬಿಟ್ಟಿದ್ದರು. ಪರದೆಯ ಮೇಲೆ ಆ ಹೆಸರು ಅಡ್ಡಕ್ಕೆ ಪೂರ್ತಿಯಾಗಿ, ಒಂದು ಅಕ್ಷರವೂ ಕತ್ತರಿಸದೆ ಬಂದಿತ್ತು.

"ಕಾಲೇಜಲ್ಲಿ ಬರೀ ಸ್ಫೂರ್ತಿ ಎಸ್. ಅಂತಿತ್ತಲ್ಲೇ?" ಎಂದರು ಮೆಲ್ಲಗೆ.

"ಲೀಗ್‌ನೋರು ಜರ್ಸಿ ಮೇಲೆ ಯಾವ ಹೆಸರು ಬೇಕು ಅಂದ್ರು," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ಲಂಬಾ ಹೈ, ಛೋಟಾ ಕರ್ ದೋ, ಉದ್ದ ಆಯ್ತು, ಚಿಕ್ಕದು ಮಾಡು ಅಂದ್ರು. ಮೈನೇ ಬೋಲಾ, ನಹೀ. ಪೂರಾ ಬೇಕು ಅಂದೆ. ಅಪ್ಪಾ, ನಿಮ್ಮ ಡ್ರಾಫ್ಟ್ ಪಾಸ್ ಹೋ ಗಯಾ. ಯಾರೂ ತಿದ್ದಿಲ್ಲ."

ಅವರು ಕುರ್ಚಿಯಲ್ಲಿ ಕುಸಿದು ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಗಳು ಬಂದು ಅವರ ಮಂಡಿಯ ಮೇಲೆ ತಲೆಯಿಟ್ಟಳು. ನನ್ನ ಕಣ್ಣಲ್ಲೂ ನೀರು ಬಂತು. ಆ ಕ್ಷಣ ನಮ್ಮ ಸಚಿವಾಲಯದ ಎಲ್ಲ ಮಹಡಿಗಳಲ್ಲೂ ಧ್ವನಿವರ್ಧಕ ಹಾಕಿ ಆ ಹೆಸರನ್ನು ಇನ್ನೊಮ್ಮೆ ಓದಿಸಬೇಕೆನ್ನಿಸಿತು. ಪದ್ಮಾ ಅವರು ಸೊಂಟದಿಂದ ಕೀಲಿ ತೆಗೆದು ಗಂಡನ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ.

ಈಗ ಸ್ಫೂರ್ತಿ ಕೊಲ್ಕತ್ತಾದಲ್ಲಿದ್ದಾಳೆ. ಅವಳ ಪಂದ್ಯವಿದ್ದ ದಿನ ನಾವೆಲ್ಲ ಮೇಲಿನ ಮಹಡಿಯಲ್ಲೇ. ಕಾಲ್ಚೆಂಡು ಗೊತ್ತಿರುವ ಕೊಲ್ಕತ್ತಾದ ಜನ ಗ್ಯಾಲರಿಯಲ್ಲಿ "ನಾರಾಯೊನ್, ನಾರಾಯೊನ್" ಎಂದು ಕೂಗುವುದು ಟಿವಿಯಲ್ಲಿ ಕೇಳುತ್ತದೆ. ಸೂರ್ಯನಾರಾಯಣ ಆಗ "ಪೂರ್ತಿ ಹೇಳ್ರಪ್ಪಾ, ಸೂರ್ಯನಾರಾಯಣ!" ಎಂದು ಟಿವಿಯನ್ನೇ ಗದರುತ್ತಾರೆ.

ಹೋದ ವಾರ ನಾನು ಹಳೆಯ ಚಪಲಕ್ಕೆ, "ಸ್ಫೂರ್ತಿ ಹೇಗೆ ಆಡ್ತಿದ್ದಾಳೆ?" ಎಂದು ಕೇಳಿ ನೋಡಿದೆ. ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಹೇಳಲು ಶುರುಮಾಡಿದರು. ಕತ್ತಲಾದರೂ ಮುಗಿಯಲಿಲ್ಲ. ಕೊನೆಗೆ ನಾನೇ ಎದ್ದು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದೆ.